ಎರಡು ಸುತ್ತು ಸಡಿಲ

ಸೇಬಿಗೆಂದು ಮಾಡಿದ ಮೆಷೀನಿಗೆ ತೋತಾಪುರಿ ಮಾವಿನಕಾಯಿ ಸಿಕ್ಕಿಸಿ, ಸಿಪ್ಪೆ ನೀಟಾಗಿ ಬರುತ್ತಿಲ್ಲ ಎಂದು ಗೋಳಾಡಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನನಗಂತೂ ಬಂತು. ನನಗೆ ಸಿಟ್ಟು ಬರಲು ಅಂಥ ದೊಡ್ಡ ಕಾರಣವೇನೂ ಬೇಕಿರಲಿಲ್ಲ, ಅದು ಬೇರೆ ಮಾತು.

ತೊಂಬತ್ತೆಂಟರ ಏಪ್ರಿಲ್ ಅದು. ಚಾಮರಾಜಪೇಟೆಯ ಒಂದು ಗಲ್ಲಿಯಲ್ಲಿ ವೃಷಭೇಂದ್ರಪ್ಪನವರ ಉಪ್ಪಿನಕಾಯಿ ಕಾರ್ಖಾನೆ. ಕಾರ್ಖಾನೆ ಎಂದರೆ ಏನೋ ಭಾರಿ ಅಂದುಕೊಳ್ಳಬೇಡಿ. ಹಳೆಯ ಮನೆಯೊಂದರ ಹಜಾರ, ಹಿತ್ತಲಿಗೆ ಹಾಕಿದ ಶೀಟು, ಎಂಟು ಜನ ಹೆಂಗಸರು, ಅಷ್ಟೆ. ಬೇಸಿಗೆ ಬಂತೆಂದರೆ ಅಲ್ಲಿ ಮಾವಿನಕಾಯಿ ಮೊರಬ್ಬ ಮಾಡುತ್ತಿದ್ದರು. ಕಾಯಿಯ ಸಿಪ್ಪೆ ತೆಗೆದು, ಉದ್ದುದ್ದ ಹೋಳು ಮಾಡಿ, ಸಕ್ಕರೆ ಪಾಕದಲ್ಲಿ ಬೇಯಿಸಿ ಗಾಜಿನ ಬಾಟಲಿಗೆ ತುಂಬುವುದು. ಗಾಜಿನೊಳಗೆ, ಪಾಕದೊಳಗೆ, ಹೋಳಿನ ಮೇಲಿನ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಅಂಗಡಿಗೆ ಬಂದವರು ಗೆರೆ ಬಿದ್ದ ಬಾಟಲಿ ಬಿಟ್ಟು ಪಕ್ಕದ್ದನ್ನು ಎತ್ತಿಕೊಂಡು ಹೋಗುತ್ತಾರೆ.

ಅಲ್ಲಿಯವರೆಗೆ ಎಂಟೂ ಜನ ಚಾಕುವಿನಲ್ಲೇ ಸಿಪ್ಪೆ ತೆಗೆಯುತ್ತಿದ್ದರು. ವ್ಯಾಪಾರ ಹೆಚ್ಚಾಯಿತೆಂದು ವೃಷಭೇಂದ್ರಪ್ಪ ಎಲ್ಲಿಂದಲೋ ಒಂದು ಹಳೆಯ ಮೆಷೀನು ತಂದು ಕೂರಿಸಿದರು. ಕೂರಿಸಿದ ಮೇಲೆ ಅದನ್ನು ಸರಿಮಾಡಲು ನನ್ನನ್ನು ಹುಡುಕಿಕೊಂಡು ಬಂದರು.

ನಾನು ಶೀನಣ್ಣ. ಮೈಸೂರು ರಸ್ತೆಯ ಒಂದು ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದವನು. ಫ್ಯಾಕ್ಟರಿ ಮುಚ್ಚಿತು. ತ್ಯಾಗರಾಜನಗರದಲ್ಲಿ ಮಹಡಿ ಮೇಲಿನ ಒಂದು ಕೋಣೆ, ಒಂದು ಸ್ಟೌ, ಒಂದು ಟೂಲ್ ಪೆಟ್ಟಿಗೆ ಉಳಿದವು. ಹೆಂಡತಿ ಸರೋಜ ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಮೈಸೂರಿನ ಅಣ್ಣನ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಕಾರಣ ಕೇಳಿದರೆ ನಿಮಗೆ ನಗು ಬರುತ್ತದೆ. ದೋಸೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಎಂದು ಹೇಳಿದೆ. ಒಂದು ದಿನ ಅಲ್ಲ ಸ್ವಾಮಿ, ದಿನಾ ಹೇಳಿದೆ. ಕೊನೆಗೊಂದು ದಿನ ಅವಳು ಕಾವಲಿಯನ್ನು ನನ್ನ ಮುಂದೆ ಕುಕ್ಕಿ, 'ನಿಮ್ಮ ಗೇಜಿನಲ್ಲಿ ಅಳೆದ್ಕೊಂಡು ನೀವೇ ಹುಯ್ಕೊಳಿ' ಎಂದು ಹೇಳಿ ಬಸ್ ಹತ್ತಿದಳು. ತೊಂಬತ್ತೊಂದರಲ್ಲಿ ಅಲ್ಲೇ ತೀರಿಕೊಂಡಳು. ಅವಳ ಅಣ್ಣ ಬರೆದ ಕಾಗದ ನನ್ನ ಹಳೇ ವಿಳಾಸಕ್ಕೆ ಹೋಗಿ, ಸುತ್ತಾಡಿ, ನನ್ನ ಕೈ ಸೇರುವ ಹೊತ್ತಿಗೆ ವೈಕುಂಠ ಸಮಾರಾಧನೆಯೂ ಮುಗಿದಿತ್ತು.

ಹೋಗಲಿ, ಮೆಷೀನಿನ ವಿಷಯಕ್ಕೆ ಬರುತ್ತೇನೆ. ಕಾಯಿಯ ಎರಡು ತುದಿಯನ್ನೂ ಎರಡು ಮುಳ್ಳು ಕಚ್ಚಿ ಹಿಡಿಯುತ್ತವೆ. ಮೋಟಾರು ಹಾಕಿದರೆ ಕಾಯಿ ಗರಗರ ತಿರುಗುತ್ತದೆ. ಸ್ಪ್ರಿಂಗಿಗೆ ಕಟ್ಟಿದ ಒಂದು ಕೈ, ಅದರ ತುದಿಯಲ್ಲಿ ಬ್ಲೇಡು, ಕಾಯಿಯ ಈ ತುದಿಯಿಂದ ಆ ತುದಿಗೆ ಮೈ ಸವರಿಕೊಂಡು ಹೋಗುತ್ತದೆ. ಸೇಬಾದರೆ ದುಂಡಗಿರುತ್ತದೆ, ತೊಂದರೆಯಿಲ್ಲ. ತೋತಾಪುರಿಗೆ ಗಿಳಿಯ ಕೊಕ್ಕು. ಕೊಕ್ಕಿನ ಹತ್ತಿರ ಬಂದರೆ ಬ್ಲೇಡು ಹಾರಿ ಬಿದ್ದು ಕಾಯಿಗೆ ಗಾಯ ಮಾಡುತ್ತಿತ್ತು. ಬ್ಲೇಡಿನ ಸಂದು ಹೆಚ್ಚು ಕೊಟ್ಟರೆ ಸಿಪ್ಪೆಯ ಜೊತೆ ತಿರುಳೂ ಹೋಗುತ್ತದೆ, ಕಡಿಮೆ ಕೊಟ್ಟರೆ ಹಸಿರು ಪಟ್ಟೆ ಉಳಿಯುತ್ತದೆ. ಕೈ ಬೇಗ ಓಡಿದರೆ ಸುತ್ತಿಗೂ ಸುತ್ತಿಗೂ ನಡುವೆ ಸಿಪ್ಪೆ ಉಳಿಯುತ್ತದೆ, ನಿಧಾನ ಮಾಡಿದರೆ ಸವರಿದಲ್ಲೇ ಸವರಿ ಗೆರೆ ಮೇಲೆ ಗೆರೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ.

'ನೂರು ಕಿಲೋಗೆ ಇಪ್ಪತ್ತೆರಡು ಕಿಲೋ ಸಿಪ್ಪೆ ಹೋಗ್ತಿದೆ ಕಣ್ರೀ' ಎಂದು ವೃಷಭೇಂದ್ರಪ್ಪ ಹಣೆ ಚಚ್ಚಿಕೊಂಡರು. 'ಹೆಂಗಸ್ರು ಚಾಕುನಲ್ಲಿ ತೆಗೆದ್ರೆ ಹದಿನಾಲ್ಕು. ಮೆಷೀನು ತಂದು ನಾನೇ ಗುಂಡಿಗೆ ಬಿದ್ದೆ.'

'ಮೆಷೀನನ್ನ ಬೈಬೇಡಿ, ತಂದೋರನ್ನ ಬೈಕೊಳಿ' ಎಂದೆ.

ಅವರು ದೊಡ್ಡ ಮನುಷ್ಯರು, ನಕ್ಕು ಸುಮ್ಮನಾದರು. ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವತ್ತಿನಿಂದ ನಾನು ಹಜಾರಕ್ಕೆ ಕಾಲಿಟ್ಟರೆ ಅಲ್ಲಿಯ ಹರಟೆ ನಿಲ್ಲುತ್ತಿತ್ತು.

ಮೆಷೀನಿಗೆ ಕಾಯಿ ಕೊಡುವ ಕೆಲಸ ಆಂಡಾಳಮ್ಮನದು. ಐವತ್ತು ದಾಟಿದ ಹೆಂಗಸು, ಗಂಡ ಹೋಗಿ ಬಹಳ ವರ್ಷವಾಗಿತ್ತು. ಶ್ರೀರಾಂಪುರದ ಒಂದು ವಠಾರದಲ್ಲಿ ಅತ್ತೆಯ ಜೊತೆ ಇದ್ದರು. ಮಾತು ಕಡಿಮೆ. ಮೂರನೆಯ ದಿನ, ನಾನು ಸ್ಪ್ರಿಂಗು ಬದಲಾಯಿಸಿ, ಬ್ಲೇಡು ಮಸೆದು, ಆದರೂ ಕೊಕ್ಕಿನ ಹತ್ತಿರ ಗಾಯ ನಿಲ್ಲದೆ ಹಲ್ಲು ಕಡಿಯುತ್ತಾ ನಿಂತಿದ್ದಾಗ, ಆಕೆ ಮೆಲ್ಲಗೆ ಹೇಳಿದರು.

'ಕೊಕ್ಕು ಹಿಂದಿನ ಮುಳ್ಳಿಗೆ ಕೊಡಿ. ದಪ್ಪ ತುದಿಯಿಂದ ಶುರುವಾಗ್ಲಿ. ನಾವು ಚಾಕುನಲ್ಲಿ ಹಾಗೇ ತೆಗೆಯೋದು.'

'ಮೆಷೀನು ಚಾಕು ಅಲ್ಲ ಆಂಡಾಳಮ್ಮನವರೇ' ಎಂದು ಸಿಡುಕಿದೆ. ಆಕೆ ಮುಂದಿನ ಕಾಯಿ ಎತ್ತಿಕೊಂಡರು. ಊಟಕ್ಕೆ ಎಲ್ಲರೂ ಎದ್ದು ಹೋದ ಮೇಲೆ ಕಳ್ಳನ ಹಾಗೆ ಒಂದು ಕಾಯಿಯನ್ನು ತಿರುಗಿಸಿ ಇಟ್ಟು ಮೋಟಾರು ಹಾಕಿದೆ. ಬ್ಲೇಡು ದಪ್ಪ ತುದಿಯಿಂದ ಇಳಿದು, ಕೊಕ್ಕನ್ನು ನೆಕ್ಕಿಕೊಂಡು ಹಾಗೇ ಹೊರಗೆ ಹೋಯಿತು. ಗಾಯ ಇಲ್ಲ. ಮಧ್ಯಾಹ್ನದಿಂದ ಎಲ್ಲ ಕಾಯಿಯನ್ನೂ ಹಾಗೇ ಕೊಡಲು ಹೇಳಿದೆ. ನೀವು ಹೇಳಿದ್ದು ಸರಿ ಎಂಬ ಒಂದು ಮಾತು ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ.

ಒಂಬತ್ತು ದಿನ ಹಿಡಿಯಿತು. ಕಾಲು ಸುತ್ತು ಬಿಗಿ, ಅರೆ ಸುತ್ತು ಸಡಿಲ, ಹತ್ತು ಕಾಯಿ ತೆಗೆ, ಸಿಪ್ಪೆ ತೂಗು, ಕಾಯಿಯ ಮೈಯನ್ನು ಬೆಳಕಿಗೆ ಹಿಡಿದು ನೋಡು. ಮತ್ತೆ ಕಾಲು ಸುತ್ತು. ಕೊನೆಗೆ ಹಜಾರದವರೆಲ್ಲ ನೋಡುತ್ತಿದ್ದಂತೆ ನೂರು ಕಿಲೋ ಹಾಕಿದೆವು. ಸಿಪ್ಪೆ ಹನ್ನೊಂದು ಕಿಲೋ ಬಂತು. ಕಾಯಿ ಹಾಲಿನ ಕೆನೆಯ ಹಾಗೆ ನುಣುಪು. ಸಿಪ್ಪೆಯನ್ನು ಕಿಟಕಿಗೆ ಹಿಡಿದರೆ ಆಚೆ ಹೋಗುವ ಸೈಕಲ್ಲು ಕಾಣಬೇಕು, ಹಾಗಿತ್ತು. ನಾನು ಬ್ಲೇಡಿನ ಸಂದು ಹೆಚ್ಚು ಕಡಿಮೆ ಮಾಡುವ ತಿರುಪಿನ ಮೇಲೆ ನಟ್ಟು ಬಿಗಿದು, ಪೆಟ್ಟಿಗೆಯಿಂದ ಉಗುರು ಬಣ್ಣದ ಶೀಷೆ ತೆಗೆದು, ನಟ್ಟಿಗೂ ತಿರುಪಿಗೂ ಸೇರಿಸಿ ಒಂದು ಕೆಂಪು ಚುಕ್ಕೆ ಇಟ್ಟೆ. ಟೂಲ್‌ರೂಮಿನಿಂದ ಬಂದ ಅಭ್ಯಾಸ ಅದು. ಯಾರಾದರೂ ನಟ್ಟು ತಿರುಗಿಸಿದರೆ ಚುಕ್ಕೆ ಒಡೆದು ಹೋಗುತ್ತದೆ, ಮುಟ್ಟಿದ್ದಾರೆಂದು ಗೊತ್ತಾಗುತ್ತದೆ.

'ಏನ್ ಶೀನಣ್ಣ, ನಮ್ಗೂ ಸ್ವಲ್ಪ ಹಚ್ಚಿ' ಎಂದು ಬಾಟಲಿ ತುಂಬುವ ಶಿವಕುಮಾರಿ ಕೈ ಚಾಚಿದಳು. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ನಾನು ಮುಖ ಗಂಟು ಹಾಕಿಕೊಂಡೆ. ಗಾಂಧಿಬಜಾರಿನ ಬಳೆ ಅಂಗಡಿಯಲ್ಲಿ ಹೆಂಗಸರ ನಡುವೆ ನಿಂತು ಆ ಶೀಷೆ ಕೊಂಡ ನನ್ನ ಅವಸ್ಥೆ ನನಗೇ ಗೊತ್ತು.

ಆ ಕಾರ್ಖಾನೆಯಲ್ಲಿ ಮೊದಲಿನಿಂದ ಒಂದು ಪದ್ಧತಿ. ಸಿಪ್ಪೆ ಹೆಂಗಸರದು. ಸಂಜೆ ಹೋಗುವಾಗ ಬೇಕಾದವರು ಬೇಕಾದಷ್ಟು ಕಟ್ಟಿಕೊಂಡು ಹೋಗಬಹುದು. ಬೇರೆಯವರು ಹಸುವಿಗೆ ಹಾಕುತ್ತಿದ್ದರೋ ಏನೋ, ಆಂಡಾಳಮ್ಮ ಗೊಜ್ಜು ಮಾಡುತ್ತಿದ್ದರು. ಸಿಪ್ಪೆ ಬೇಯಿಸಿ, ಮೆಣಸಿನಕಾಯಿ ಮೆಂತ್ಯ ಹುರಿದು ಹಾಕಿ ರುಬ್ಬಿ, ಬೆಲ್ಲ ಹಾಕಿ ಕುದಿಸಿ, ಇಂಗಿನ ಒಗ್ಗರಣೆ. ನೂರು ಕಿಲೋ ಹಾಕಿದ ಮಾರನೆಯ ದಿನ ಊಟದ ಹೊತ್ತಿಗೆ ನನ್ನ ಟೂಲ್ ಪೆಟ್ಟಿಗೆಯ ಮೇಲೆ ಒಂದು ಸ್ಟೀಲು ಡಬ್ಬಿ ಇಟ್ಟು, 'ಮೊಸರನ್ನಕ್ಕೆ ಚೆನ್ನಾಗಿರತ್ತೆ' ಎಂದು ಹೇಳಿ ಹೋದರು. ಡಬ್ಬಿಯ ಮುಚ್ಚಳದ ಮೇಲೆ ಆಕೆಯ ಗಂಡನ ಹೆಸರು ಚುಕ್ಕೆ ಚುಕ್ಕೆಯಾಗಿ ಕೊರೆದಿತ್ತು.

ನನಗಾಗಿ ಯಾರಾದರೂ ಒಂದು ಅಡುಗೆ ಮಾಡಿ ತಂದು ಹದಿನಾಲ್ಕು ವರ್ಷವಾಗಿತ್ತು. ಡಬ್ಬಿಯ ತಳವನ್ನೂ ಬೆರಳಿನಲ್ಲಿ ಬಳಿದು ತಿಂದೆ.

ಸಂಜೆ ಡಬ್ಬಿ ತೊಳೆದು ಕೊಟ್ಟು ನಾನೇನು ಹೇಳಿದೆ ಗೊತ್ತೇ? 'ಉಪ್ಪು ಸ್ವಲ್ಪ ಮುಂದು.'

ಆಕೆ ಸರೋಜನ ಹಾಗೆ ಸಿಡಿಯಲಿಲ್ಲ. 'ಹೌದಾ? ನಾಳೆ ನೋಡೋಣ' ಎಂದರು. ಮಾರನೆಯ ದಿನವೂ ತಂದರು. 'ಇವತ್ತು ಬೆಲ್ಲ ಹಿಂದು' ಎಂದೆ. 'ಆಗ್ಲಿ' ಎಂದರು. ಹೀಗೇ ನಡೆಯಿತು. ನಾನು ಒಂದು ತಪ್ಪು ಹೇಳುವುದು, ಆಕೆ ಕಣ್ಣಿನಲ್ಲೇ ನಗುವುದು. ಮೆಷೀನಿನ ಕೆಲಸ ಮುಗಿದಿತ್ತು. ಬ್ಲೇಡು ಮಸೆಯಬೇಕು, ಎಣ್ಣೆ ಬಿಡಬೇಕು, ಸೀಸನ್ ಮುಗಿಯುವ ತನಕ ದಿನಾ ಒಬ್ಬರು ನೋಡಬೇಕು ಎಂದು ವೃಷಭೇಂದ್ರಪ್ಪನವರಿಗೆ ನಾನೇ ಹೇಳಿ ಒಪ್ಪಿಸಿದೆ. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳಲು ಒಂದು ಕಾರಣ ಸಿಕ್ಕಿತ್ತು. ನನ್ನ ಕೋಣೆಯಲ್ಲಿ ಭಾನುವಾರ ಎಂಬುದು ಮುಗಿಯದ ದಿನ, ಆಗ ಅದೂ ಹೇಗೋ ಕಳೆಯುತ್ತಿತ್ತು.

ಜೂನ್ ಮೊದಲ ವಾರದ ಒಂದು ಬುಧವಾರ ಡಬ್ಬಿ ಬರಲಿಲ್ಲ.

ಮರೆತಿರಬಹುದು ಅಂದುಕೊಂಡೆ. ಹಿಂದಿನ ದಿನದ ಡಬ್ಬಿ ನನ್ನ ಚೀಲದಲ್ಲೇ ಉಳಿದಿತ್ತು, ಅದೇ ಕಾರಣ ಇರಬೇಕು ಎಂದೂ ಅನ್ನಿಸಿತು. ಗುರುವಾರ ತೊಳೆದ ಡಬ್ಬಿಯನ್ನು ಆಕೆಗೆ ಕೊಡಲು ಹೋದೆ. ಆಕೆ ಕೈ ಹಿಂದಕ್ಕೆ ಎಳೆದುಕೊಂಡರು.

'ಈಗ ಬೇಡ. ನಿಮ್ಮ ಹತ್ರಾನೇ ಇರ್ಲಿ' ಎಂದರು.

ಕೆನ್ನೆಗೆ ಹೊಡೆದ ಹಾಗಾಯಿತು. ಶುಕ್ರವಾರವೂ ಇಲ್ಲ. ಆಕೆ ಊಟಕ್ಕೂ ಬೇರೆಯಾಗಿ ಹಿತ್ತಲಲ್ಲಿ ಕೂತರು. ನಾನು ಏನು ಮಾಡಿದೆ? ಮಂಗಳವಾರ ಏನು ಹೇಳಿದ್ದೆ? 'ಒಗ್ಗರಣೆ ಸೀದಿದೆ' ಎಂದಿದ್ದೆ. ಅದಕ್ಕೇ ಇರಬೇಕು. ಅಲ್ಲ, ಅದಕ್ಕಲ್ಲ, ಇಷ್ಟು ದಿನ ಎಷ್ಟೆಲ್ಲ ಅಂದಿದ್ದೇನೆ. ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು. 'ಯಾಕೆ ಡಬ್ಬಿ ತರಲಿಲ್ಲ' ಎಂಬ ಮೂರು ಪದದ ಮಾತು ಕೇಳಲು ನನಗೆ ಬಾಯಿ ಬರಲಿಲ್ಲ. ಬಯ್ಯಲು ಬರುತ್ತದೆ, ಬೇಡಲು ಬರುವುದಿಲ್ಲ, ಏನು ಮಾಡುತ್ತೀರಿ.

ಶನಿವಾರ ಬ್ಲೇಡಿನ ಕೆಳಗಿನ ತೊಟ್ಟಿಯಲ್ಲಿ ಬಿದ್ದಿದ್ದ ಸಿಪ್ಪೆಯನ್ನು ನೋಡುತ್ತಾ ಕೂತಾಗ ನನ್ನ ತಲೆಗೆ ಹೊಳೆಯಿತು. ಹೊಳೆಯಿತು ಎನ್ನುವುದಕ್ಕಿಂತ ಹೊಕ್ಕಿತು ಎನ್ನಬೇಕು. ಸಿಪ್ಪೆ ಕಾಗದದ ಹಾಗಿದೆ, ಚೂರೂ ತಿರುಳಿಲ್ಲ. ಇದರಲ್ಲಿ ಗೊಜ್ಜು ಹೇಗೆ ಬಂದೀತು? ಬರೀ ಒಗರು. ಇಷ್ಟು ದಿನ ಹೇಗೋ ಮಾಡಿದ್ದಾರೆ, ನಾನು ದಿನಾ ಒಂದು ಹುಳುಕು ತೆಗೆದಿದ್ದೇನೆ, ಈಗ ಬೇಸತ್ತು ಬಿಟ್ಟಿದ್ದಾರೆ. ಅಯ್ಯೋ ದೇವರೇ, ನನ್ನ ಕೈಯಾರೆ ನಾನೇ ನನ್ನ ಡಬ್ಬಿಗೆ ಕಲ್ಲು ಹಾಕಿಕೊಂಡೆನಲ್ಲ.

ನಾಲ್ಕೂವರೆಗೆ ಹೆಂಗಸರು ಕೈಕಾಲು ತೊಳೆಯಲು ಎದ್ದರು. ನಾನು ಸ್ಪ್ಯಾನರ್ ತೆಗೆದುಕೊಂಡು ನಟ್ಟು ಬಿಚ್ಚಿ, ಸಿಪ್ಪೆ ದಪ್ಪ ಬರಲಿ ಎಂದು ತಿರುಪನ್ನು ಎರಡು ಸುತ್ತು ಸಡಿಲ ಮಾಡಿದೆ. ಕೆಂಪು ಚುಕ್ಕೆ ಎರಡು ತುಂಡಾಯಿತು. ಇಪ್ಪತ್ತಾರು ವರ್ಷದಲ್ಲಿ ಬೇಕೆಂದೇ ಒಂದು ಮೆಷೀನನ್ನು ನಾನು ಕೆಡಿಸಿದ್ದಿಲ್ಲ. ಚುಕ್ಕೆ ಮತ್ತೆ ಇಡಲಿಲ್ಲ, ಸ್ಪ್ಯಾನರನ್ನು ಯಾವಾಗಲೂ ಇಡುವ ಹಾಗೆ ಮೆಷೀನಿನ ಪಕ್ಕದ ಮೊಳೆಗೆ ನೇತುಹಾಕಿ ಹೊರಟುಬಂದೆ. ಬ್ಲೇಡು ಬದಲಿಸಲು ಇರಲಿ ಎಂದು ಅದನ್ನು ಆಂಡಾಳಮ್ಮನಿಗೆ ಅಲ್ಲಿ ಇಟ್ಟುಕೊಟ್ಟಿದ್ದವನೂ ನಾನೇ.

ಭಾನುವಾರ ಪೂರ್ತಿ ಕೋಣೆಯಲ್ಲಿ ಕೂತು ಸೋಮವಾರದ ಡಬ್ಬಿಯನ್ನು ನೆನೆಸಿಕೊಂಡೆ. ಈ ಸಲ ಏನೇ ಆಗಲಿ, ಚೆನ್ನಾಗಿದೆ ಎಂದು ಹೇಳಬೇಕು. ಎರಡು ಮೂರು ಸಲ ಗಟ್ಟಿಯಾಗಿ ಹೇಳಿಯೂ ನೋಡಿದೆ. ಕೆಳಗಿನ ಮನೆಯವರಿಗೆ ಕೇಳಿಸಿತೋ ಏನೋ.

ಸೋಮವಾರ ಬ್ಯಾಂಕಿನ ಕೆಲಸ ಮುಗಿಸಿ ಹೋಗುವಾಗ ಹನ್ನೊಂದು ಗಂಟೆ. ಮೆಷೀನು ನಿಂತಿತ್ತು. ಹಜಾರದ ನಡುವೆ ವೃಷಭೇಂದ್ರಪ್ಪ, ತಕ್ಕಡಿಯ ಮೇಲೆ ರಾಶಿ ಸಿಪ್ಪೆ. ಗೋಡೆಗೆ ಒತ್ತಿಕೊಂಡು ಆಂಡಾಳಮ್ಮ ನಿಂತಿದ್ದರು, ಸೆರಗು ಹೊದ್ದು, ಚೀಲ ಕೈಯಲ್ಲಿ.

'ಬನ್ನಿ ಶೀನಣ್ಣ, ನೋಡಿ ನಿಮ್ಮ ಮೆಷೀನ್ ಗತಿ' ಎಂದರು ವೃಷಭೇಂದ್ರಪ್ಪ. 'ಐವತ್ತು ಕಿಲೋಗೆ ಹತ್ತು ಕಿಲೋ ಸಿಪ್ಪೆ. ನಿಮ್ಮ ಕೆಂಪು ಚುಕ್ಕೆ ಒಡೆದಿದೆ. ಸ್ಪ್ಯಾನರ್ ಇರೋದು ಯಾರ ಹತ್ರ? ಸಿಪ್ಪೆ ಹೋಗೋದು ಯಾರ ಮನೆಗೆ? ಗೊಜ್ಜಿಗೆ ಬೇಕು ಅಂತ ತಿರುಳೇ ಕೆತ್ಕೊಂಡ್ರೆ ನಾನೇನು ಮಾಡ್ಲಿ? ಹನ್ನೆರಡು ವರ್ಷದಿಂದ ಇದ್ದೋರು, ಬಾಯಿಬಿಟ್ಟು ಕೇಳಿದ್ರೆ ಒಂದು ಬುಟ್ಟಿ ಕಾಯೇ ಕೊಡ್ತಿದ್ದೆ. ನಾಳೆಯಿಂದ ಬರಬೇಡಿ ಅಂದೆ.'

ಆಂಡಾಳಮ್ಮ ನಾನಲ್ಲ ಎಂದೂ ಹೇಳುತ್ತಿರಲಿಲ್ಲ, ನೆಲ ನೋಡುತ್ತಿದ್ದರು.

ಶಿವಕುಮಾರಿಗೆ ತಡೆಯಲಾಗಲಿಲ್ಲ. 'ಸಾರ್, ಅವ್ರು ಬುಧವಾರದಿಂದ ಸಿಪ್ಪೇನೇ ಮುಟ್ಟಿಲ್ಲ ಸಾರ್. ಅವ್ರಿಗೆ ಸೂತಕ. ಮೇಲುಕೋಟೆಲಿ ಯಾರೋ ದಾಯಾದಿ ತೀರ್ಕೊಂಡ್ರಂತೆ. ಹತ್ತು ದಿನ ಯಾರಿಗೂ ಏನೂ ಮಾಡಿ ಕೊಡೋ ಹಾಗಿಲ್ಲ ಅಂತ ಅವ್ರೇ ಹೇಳಿದ್ರು. ಇಲ್ಲಿ ಹೆಂಗಸ್ರಿಗೆಲ್ಲ ಗೊತ್ತು.' ಆಮೇಲೆ ನನ್ನ ಮುಖ ನೋಡಿ, 'ನಿಮಗೆ ಯಾರೂ ಹೇಳ್ಲಿಲ್ವಾ?' ಎಂದಳು.

ಯಾರೂ ಹೇಳಿರಲಿಲ್ಲ. ಹೇಳಲು ನನ್ನ ಹತ್ತಿರ ಯಾರು ಬರುತ್ತಾರೆ, ಬಂದರೆ ಕಚ್ಚುತ್ತೇನೆ. ಆದರೂ ನಾನು ಜನಿವಾರ ಹಾಕಿದವನು. ಕೈ ಹಿಂದಕ್ಕೆ ಎಳೆದುಕೊಂಡು 'ಈಗ ಬೇಡ' ಎಂದಾಗಲೇ, ಬೇರೆ ಕೂತು ಉಂಡಾಗಲೇ ನನಗೆ ಅರ್ಥವಾಗಬೇಕಿತ್ತು. ಹುಟ್ಟಿದಾಗಿನಿಂದ ನೋಡಿದ ವಿಷಯ. ನನ್ನ ತಲೆಯಲ್ಲಿ ನನ್ನ ಡಬ್ಬಿಯ ಚಿಂತೆ ಬಿಟ್ಟರೆ ಬೇರೇನೂ ಇರಲಿಲ್ಲ.

'ಅವರಲ್ಲ. ನಾನು' ಎಂದೆ. 'ಶನಿವಾರ ಬ್ಲೇಡು ನೋಡುವಾಗ ಕೈ ತಪ್ತು.'

ವೃಷಭೇಂದ್ರಪ್ಪ ನಕ್ಕುಬಿಟ್ಟರು. 'ನಿಮ್ಮ ಕೈ? ತಪ್ಪೋದು? ಬಿಡಿ ಶೀನಣ್ಣ. ಸೂತಕ ಕಳೆದ್ಮೇಲೆ ಅವ್ರಿಗೆ ಸಿಪ್ಪೆ ಬೇಕೇ ಬೇಕಲ್ಲ. ಪಾಪ ಅಂತ ಅವರನ್ನ ಕಾಪಾಡೋಕೆ ಹೇಳ್ತಿದೀರಿ. ಕೈ ತಪ್ಪಿದ್ರೆ ಚುಕ್ಕೆ ಮತ್ತೆ ಇಡದೆ ಹೋಗೋ ಜಾಯಮಾನ ಅಲ್ಲ ನಿಮ್ಮದು.'

ಒಳ್ಳೆಯ ಕೆಲಸಗಾರ ಎಂಬ ಹೆಸರು ಅವತ್ತು ನನ್ನ ಕುತ್ತಿಗೆಗೆ ಬಂತು. ಸುಳ್ಳು ನಡೆಯುವುದಿಲ್ಲ, ನಿಜವನ್ನೇ ಹೇಳಬೇಕು. ಎಂಟು ಜನ ಹೆಂಗಸರು, ಒಬ್ಬ ಧಣಿ, ನಡುವೆ ಐವತ್ತಾರು ವರ್ಷದ ನಾನು.

'ಚುಕ್ಕೆ ಇಡಲಿಲ್ಲ, ಯಾಕಂದ್ರೆ ಅದು ಸೆಟ್ಟಿಂಗ್ ಅಲ್ಲ, ಕಳ್ಳತನ' ಎಂದೆ. 'ಬೇಕೂಂತಲೇ ಸಡಿಲ ಮಾಡ್ದೆ. ಆಂಡಾಳಮ್ಮ ನನಗೆ ಗೊಜ್ಜು ತರ್ತಿದ್ರು. ನಾಲ್ಕು ದಿನದಿಂದ ತರ್ಲಿಲ್ಲ. ಸಿಪ್ಪೆ ತೆಳ್ಳಗಿದೆ ಅಂತ ಬಿಟ್ಟಿದಾರೆ ಅಂದ್ಕೊಂಡೆ. ದಪ್ಪ ಬಂದ್ರೆ ಮತ್ತೆ ತರ್ತಾರೆ ಅಂತ ಮಾಡ್ದೆ. ಮನೇಲಿ ನನಗೆ ಯಾರೂ ಇಲ್ಲ. ಅಷ್ಟೆ.'

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು, ಇನ್ನೊಬ್ಬರು ಅವರನ್ನು ತಿವಿದರು. ಆಂಡಾಳಮ್ಮನ ಮುಖ ಕಪ್ಪಾಯಿತು. ನಾನು ಆಕೆಯ ಕೆಲಸ ಉಳಿಸಿದೆ, ಮಾನವನ್ನು ಎಲ್ಲರ ಬಾಯಿಗೆ ಹಾಕಿದೆ. ಅದು ತಿಳಿದದ್ದು ಮಾತು ಬಾಯಿಂದ ಹೊರಟ ಮೇಲೆ.

ವೃಷಭೇಂದ್ರಪ್ಪ ಆಂಡಾಳಮ್ಮನ ಕಡೆ ತಿರುಗಿ, 'ತಪ್ಪಾಯ್ತಮ್ಮ, ಕೆಲಸ ನೋಡಿ' ಎಂದರು. ನನಗೆ, 'ಮೊದಲಿನ ಹಾಗೆ ಮಾಡಿಕೊಟ್ಟು ಹೋಗಿ ಶೀನಣ್ಣ. ಇನ್ನು ದಿನಾ ಬರೋದು ಬೇಡ' ಎಂದರು. ಬಯ್ದಿದ್ದರೆ ಚೆನ್ನಾಗಿತ್ತು, ಅವರು ಮೆತ್ತಗೆ ಹೇಳಿದರು.

ತಿರುಪನ್ನು ಎರಡು ಸುತ್ತು ಬಿಗಿ ಮಾಡಿದೆ. ಆಂಡಾಳಮ್ಮ ಕಾಯಿ ಕೊಟ್ಟರು, ಕೊಕ್ಕು ಹಿಂದಕ್ಕೆ. ಹತ್ತು ಕಾಯಿ ತೆಗೆದು ತೂಗಿದೆ. ಸರಿ ಬಂತು. ಕೆಂಪು ಚುಕ್ಕೆ ಇಟ್ಟೆ. ಈ ಸಲ ಶಿವಕುಮಾರಿ ಕೈ ಚಾಚಲಿಲ್ಲ.

ಗೇಟಿನ ಹತ್ತಿರ ಹೋಗುವಾಗ ಹಿಂದಿನಿಂದ ಆಕೆಯ ದನಿ ಕೇಳಿತು. ನೀರಿನ ಕೊಡ ಹಿಡಿದುಕೊಂಡು ಬಂದಿದ್ದರು, ನೀರಿಗೆ ಬಂದ ಹಾಗೆ.

'ಸಿಪ್ಪೆ ತೆಳ್ಳಗಾದ ಮೇಲೇ ಗೊಜ್ಜು ಚೆನ್ನಾಗಿ ಬರ್ತಿದ್ದಿದ್ದು. ಬೇಗ ಬೇಯತ್ತೆ. ನಿಮಗೆ ಹೇಳ್ಬೇಕು ಅಂತಿದ್ದೆ' ಎಂದರು. 'ಈ ಗುರುವಾರಕ್ಕೆ ಸೂತಕ ಮುಗೀತಿತ್ತು. ಶುಕ್ರವಾರ ಗೊಜ್ಜು ತರ್ತಿದ್ದೆ. ಒಂದು ಮಾತು ಕೇಳಬಾರದಿತ್ತಾ ಶೀನಣ್ಣನವರೇ?'

ಆಕೆ ಕೊಡ ತುಂಬಿಸದೆಯೇ ಒಳಗೆ ಹೋದರು.

ಡಬ್ಬಿ ನನ್ನ ಚೀಲದಲ್ಲೇ ಇತ್ತು. ಸೂತಕದಲ್ಲಿ ಹೇಗೆ ಕೊಡಲಿ ಎಂದು ಅವತ್ತು ಸುಮ್ಮನಾದೆ. ಆಮೇಲೆ ಎಲ್ಲರ ಎದುರು ಹೇಗೆ ಕೊಡಲಿ ಎಂದು ಸುಮ್ಮನಾದೆ. ಬರಿದಾದ ಡಬ್ಬಿ ಹಿಂದಿರುಗಿಸಬಾರದು ಎಂದು ನಮ್ಮಲ್ಲಿ ಉಂಟಲ್ಲ, ನಾನು ಇಷ್ಟು ದಿನ ಬರೀ ತಪ್ಪನ್ನೇ ತುಂಬಿ ಕೊಟ್ಟಿದ್ದೆ. ಈಗ ಅದರ ತುಂಬ ಸಕ್ಕರೆ ಹಾಕಿ ಗೂಡಿನಲ್ಲಿ ಇಟ್ಟೆ. ಇರುವೆ ಬಂದಾಗ ಸಕ್ಕರೆ ಬದಲಾಯಿಸಿದೆ. ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ಹೇಳುತ್ತಾ ಏಳು ವರ್ಷ ಕಳೆದೆ ಎಂದರೆ ನೀವು ನಂಬುತ್ತೀರಾ? ನಂಬಿ.

ಹಾಗೆಂದು ಆಕೆಯ ಸುದ್ದಿ ನನಗೆ ಇರಲಿಲ್ಲ ಎಂದಲ್ಲ. ಪ್ರತಿ ಬೇಸಿಗೆಯಲ್ಲಿ ಗಾಂಧಿಬಜಾರಿನ ಅಂಗಡಿಗೆ ಆ ಮೊರಬ್ಬದ ಹೊಸ ಬಾಟಲಿ ಬರುತ್ತಿತ್ತು. ಒಂದು ಕೊಂಡು, ಕೋಣೆಗೆ ತಂದು, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದೆ. ಗೆರೆ ಇಲ್ಲ. ಹೋಳಿನ ಕೊಕ್ಕಿನ ತುದಿ ನುಣ್ಣಗೆ. ಕಾಯಿಯನ್ನು ಹಿಂದುಮುಂದು ಮಾಡಿ ಕೊಡುವ ಕೈ ಇನ್ನೂ ಅಲ್ಲೇ ಇದೆ ಎಂದು ಅರ್ಥ. ಆ ವರ್ಷಕ್ಕೆ ನನಗೆ ಅಷ್ಟು ಸಾಕಾಗುತ್ತಿತ್ತು. ಸಿಹಿ ನನಗೆ ಸೇರುವುದಿಲ್ಲ, ಬಾಟಲಿಯನ್ನು ಕೆಳಗಿನ ಮನೆಯವರಿಗೆ ಕೊಟ್ಟುಬಿಡುತ್ತಿದ್ದೆ.

ಎರಡು ಸಾವಿರದ ಐದರ ಮೇ ತಿಂಗಳಿನ ಬಾಟಲಿಯಲ್ಲಿ ನಾಲ್ಕು ಹೋಳಿನ ತುದಿಗೆ ಗಾಯ ಇತ್ತು. ಉಗುರಿನಿಂದ ಚಿವುಟಿದಷ್ಟು. ಅಂಗಡಿಗೆ ಹಿಂದಕ್ಕೆ ಓಡಿ ಇನ್ನೆರಡು ಬಾಟಲಿ ನೋಡಿದೆ, ಅದರಲ್ಲೂ ಅದೇ ಗಾಯ.

ಮಾರನೆಯ ಬೆಳಿಗ್ಗೆ ಸಕ್ಕರೆ ತುಂಬಿದ ಡಬ್ಬಿ ಹಿಡಿದು ಚಾಮರಾಜಪೇಟೆಗೆ ಹೋದೆ. ಬಾಗಿಲಲ್ಲೇ ಶಿವಕುಮಾರಿ ಸಿಕ್ಕಳು, ಕೂದಲು ಅರ್ಧ ನರೆತಿತ್ತು. ಈ ಸಲ ಕೇಳಿದೆ. ಮೊದಲ ಮಾತೇ ಅದು.

'ಆಂಡಾಳಮ್ಮ ಹೇಗಿದಾರೆ?'

'ಅಯ್ಯೋ' ಎಂದಳು ಅವಳು. 'ಸಂಕ್ರಾಂತಿ ಆದ್ಮೇಲೆ ಹೋಗ್ಬಿಟ್ರು ಶೀನಣ್ಣ. ನಿಮಗೆ ಯಾರೂ ಹೇಳ್ಲಿಲ್ವಾ?'

ನಾನು ಮೆಟ್ಟಿಲ ಮೇಲೆ ಕೂತೆ. ಅವಳು ನೀರು ತಂದುಕೊಟ್ಟಳು. ನಾನು ಅಳುತ್ತಿದ್ದುದನ್ನು ಅವಳು ನೋಡಿದಳು, ನಾನೂ ಮುಚ್ಚಿಡಲು ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಸಂಕೋಚದಿಂದ, 'ಬಂದಿದೀರಲ್ಲ, ಆ ಮೆಷೀನ್ ಒಂದ್ಸಲ ನೋಡಿ ಹೋಗಿ. ಈ ಸೀಸನ್ನಲ್ಲಿ ಯಾಕೋ ಕೊಕ್ಕಿನ ಹತ್ರ ಗಾಯ ಮಾಡ್ತಿದೆ' ಎಂದಳು.

ಒಳಗೆ ಹೋಗಿ ನೋಡಿದೆ. ಏಳು ವರ್ಷದ ಕೆಂಪು ಚುಕ್ಕೆ ಎಣ್ಣೆಗೆ ಕಪ್ಪಾಗಿತ್ತು, ಒಡೆದಿರಲಿಲ್ಲ. ಸ್ಪ್ಯಾನರು ಅದೇ ಮೊಳೆಗೆ ನೇತಾಡುತ್ತ ಇತ್ತು.

'ಮೆಷೀನಿಗೆ ಏನೂ ಆಗಿಲ್ಲ. ಆಂಡಾಳಮ್ಮನ ಕೈ ಇಲ್ಲ, ಅಷ್ಟೆ' ಎಂದೆ. ಕಾಯಿ ಕೊಡುತ್ತಿದ್ದ ಹೊಸ ಹೆಂಗಸಿಗೆ ತೋರಿಸಿದೆ. 'ಕೊಕ್ಕು ಹಿಂದಿನ ಮುಳ್ಳಿಗಮ್ಮ. ದಪ್ಪ ತುದಿಯಿಂದ ಶುರುವಾಗಬೇಕು. ಇದು ನಾನು ಕಂಡುಹಿಡಿದಿದ್ದಲ್ಲ, ಆಂಡಾಳಮ್ಮ ಅಂತ ಇದ್ರು, ಅವರು ಹೇಳಿಕೊಟ್ಟಿದ್ದು.' ಏಳು ವರ್ಷದ ಹಿಂದೆ ಹೇಳಬೇಕಾದ ಮಾತು. ಕಾಯಿ ನುಣ್ಣಗೆ ಬಂತು.

ಸಿಪ್ಪೆಯನ್ನು ಆ ಹೆಂಗಸು ಕಸದ ಬುಟ್ಟಿಗೆ ತಳ್ಳುತ್ತಿದ್ದಳು. ಈಗ ಯಾರೂ ಮನೆಗೆ ಒಯ್ಯುವುದಿಲ್ಲವಂತೆ. ಒಂದಿಷ್ಟು ಪೇಪರಿನಲ್ಲಿ ಕಟ್ಟಿಸಿಕೊಂಡೆ.

ಕೋಣೆಗೆ ಬಂದು ಸಿಪ್ಪೆ ತೊಳೆದು ಬೇಯಿಸಿದೆ. ಹೌದು, ಬೇಗ ಬೆಂದಿತು. ಮೆಣಸಿನಕಾಯಿ, ಮೆಂತ್ಯ ಹುರಿದು ಕಲ್ಲಿನಲ್ಲಿ ಕುಟ್ಟಿದೆ. ಮನೆಯಲ್ಲಿ ಬೆಲ್ಲ ಇರಲಿಲ್ಲ, ಡಬ್ಬಿಯ ಸಕ್ಕರೆಯನ್ನೇ ಹಾಕಿದೆ. ಒಗ್ಗರಣೆ ಸ್ವಲ್ಪ ಸೀದಿತು. ಆಕೆಯ ಡಬ್ಬಿಗೇ ತುಂಬಿಕೊಂಡು, ಮೊಸರನ್ನ ಕಲಸಿಕೊಂಡು ಊಟಕ್ಕೆ ಕೂತೆ.

ಉಪ್ಪು ಮುಂದಾಗಿತ್ತು. ಹೇಳಲು ಯಾರೂ ಇರಲಿಲ್ಲ. ಚೆನ್ನಾಗಿದೆ ಎಂದು ಗಟ್ಟಿಯಾಗಿ ಹೇಳಿ, ಪೂರ್ತಿ ತಿಂದೆ.